ನೋವಿಗೂ ಒಂದು ವಿಳಾಸವಿದೆ

ಹುಬ್ಬಳ್ಳಿಯಿಂದ ವಿಜಯಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ನರಗುಂದ ದಾಟಿ, ಕೆರೂರು ಬರುವ ಮೊದಲು ಸಿಗುವುದು ಕುಳಗೇರಿ ಕ್ರಾಸ್. ಬಾದಾಮಿಯ ಕಡೆಗೆ ಹೋಗಬೇಕಾದವರು ಇಲ್ಲಿ ಇಳಿದು ಬೇರೆ ಬಸ್ಸು ಹಿಡಿಯುತ್ತಾರೆ. ಇಳಿದವರು ಚಹಾದಂಗಡಿಯತ್ತ ನಡೆಯುವ ಮೊದಲು ಎರಡೂ ಕೈಗಳನ್ನು ಸೊಂಟದ ಮೇಲಿಟ್ಟು ಒಮ್ಮೆ ಹಿಂದಕ್ಕೆ ಬಾಗುವುದನ್ನು ಅಲ್ಲಿ ನಿಂತವರೆಲ್ಲ ನೋಡಿರಬಹುದು. ಆಗ ಬಾಯಿಂದ ಬರುವ ಮಾತುಗಳೂ ಗಮನಿಸುವಂಥವು. “ಯಪ್ಪಾ, ಸೊಂಟ ಹಿಡದೈತಿ” ಎಂದು ಒಬ್ಬರು. “ಕಾಲು ಹರಿಯಾಕತ್ತಾವ” ಎಂದು ಇನ್ನೊಬ್ಬರು. “ಬೆರಳು ಜೋಮು ಹಿಡದಾವ” ಎಂದು ಕೈ ಝಾಡಿಸುವವರು ಮತ್ತೊಬ್ಬರು. “ಮೊಣಕಾಲು ಕಟಕಟ ಅಂತಾವ” ಎನ್ನುವ ಅಜ್ಜಿ. “ತೊಡೀ ಹಿಂದಿನಿಂದ ಹಿಮ್ಮಡದ ತನಕ ಚಳಕು ಹೊಡಿತೈತಿ” ಎನ್ನುವ ನಡುವಯಸ್ಸಿನವರು.

ಕೇಳುವವರಿಗೆ ಇವೆಲ್ಲ ಒಂದೇ ದೂರಿನ ಹಾಗೆ ಕಾಣಬಹುದು. ಔಷಧದ ಅಂಗಡಿಯಲ್ಲಿ ಇವೆಲ್ಲಕ್ಕೂ ಒಂದೇ ಗುಳಿಗೆ ಕೇಳುವವರೇ ಹೆಚ್ಚು. ಮನೆಯಲ್ಲಿ ಎಲ್ಲದಕ್ಕೂ ‘ವಾಯು’ ಎಂಬ ಒಂದೇ ಹೆಸರು. ಆದರೆ ಆಡುಮಾತು ಎಷ್ಟು ಜಾಣತನದಿಂದ ನೋವುಗಳನ್ನು ವಿಂಗಡಿಸಿಟ್ಟಿದೆ ನೋಡಿ. ‘ಹಿಡಿದೈತಿ’, ‘ಹರಿಯಾಕತ್ತಾವ’ ಎನ್ನುವುದು ಬಹುಮಟ್ಟಿಗೆ ಸ್ನಾಯುವಿನ ಮಾತು. ‘ಕಟಕಟ’ ಎನ್ನುವುದು ಎಲುಬು ಮತ್ತು ಕೀಲಿನ ಮಾತು. ‘ಜೋಮು’, ‘ಚಳಕು’, ‘ಉರಿ’ ಎನ್ನುವುದು ನರದ ಮಾತು. ವೈದ್ಯರು ರೋಗಿಯನ್ನು ಮುಟ್ಟುವ ಮೊದಲು ‘ನೋವು ಯಾವ ತರಹದ್ದು?’ ಎಂದು ಕೇಳುವುದು ಈ ವಿಂಗಡಣೆಗಾಗಿಯೇ. ಅಂದರೆ ಪ್ರತಿಯೊಂದು ನೋವಿಗೂ ದೇಹದಲ್ಲಿ ಒಂದು ವಿಳಾಸವಿದೆ. ಆ ವಿಳಾಸಕ್ಕೆ ಕಾರಣವಾದ ಒಂದು ಕೆಲಸವೋ, ಒಂದು ಅಭ್ಯಾಸವೋ, ಕೆಲವೊಮ್ಮೆ ಕುಡಿಯುವ ನೀರೋ ಮನೆಯ ಸುತ್ತಮುತ್ತಲೇ ಇರುತ್ತದೆ.

ಮೂರು ಬಗೆಯ ನೋವು

ಹುಟ್ಟಿದ ಕೂಸಿನ ದೇಹದಲ್ಲಿ ಸುಮಾರು 300 ಎಲುಬುಗಳಿರುತ್ತವೆ. ಬೆಳೆಯುತ್ತ ಹೋದಂತೆ ಕೆಲವು ಒಂದಕ್ಕೊಂದು ಬೆಸೆದು ವಯಸ್ಕರಲ್ಲಿ 206 ಉಳಿಯುತ್ತವೆ. ಇವನ್ನು ಎಳೆದು ಆಡಿಸುವ ಸ್ನಾಯುಗಳು 600ಕ್ಕೂ ಹೆಚ್ಚು. ಬೆನ್ನುಹುರಿಯಿಂದ ಹೊರಡುವ ನರಗಳು 31 ಜೋಡಿ. ಎಲುಬು ಕಂಬ, ಸ್ನಾಯು ಹಗ್ಗ, ನರ ತಂತಿ ಎಂದು ತಿಳಿದರೆ ಸಾಕು.

ಸ್ನಾಯುವಿನ ನೋವು ಮಂದವಾಗಿ, ಅಗಲವಾಗಿ ಇರುತ್ತದೆ. ಒತ್ತಿದರೆ ನೋಯುತ್ತದೆ. ಬಿಸಿನೀರು ಹಾಕಿದರೆ, ತುಸು ಅಡ್ಡಾಡಿದರೆ ಹಗುರಾಗುತ್ತದೆ. ಕೀಲಿನ ನೋವು ಒಂದು ಜಾಗಕ್ಕೆ ಅಂಟಿಕೊಂಡಿರುತ್ತದೆ. ಮೆಟ್ಟಿಲು ಹತ್ತುವಾಗ, ನೆಲದಿಂದ ಏಳುವಾಗ ಹೆಚ್ಚುತ್ತದೆ. ಬೆಳಿಗ್ಗೆ ಎದ್ದ ತಕ್ಷಣ ಬಿಗಿತ ಕಾಣುತ್ತದೆ. ನರದ ನೋವು ಹುಟ್ಟಿದ ಕಡೆ ಇರದೆ ಬೇರೆಡೆ ಕಾಣಿಸಿಕೊಳ್ಳುತ್ತದೆ. ಸೊಂಟದಲ್ಲಿ ನರದ ಬೇರು ಅಮುಕಿದರೆ ನೋವು ಪಾದದಲ್ಲಿ. ಕುತ್ತಿಗೆಯಲ್ಲಿ ಅಮುಕಿದರೆ ಬೆರಳಿನಲ್ಲಿ ಜೋಮು. ಮನೆಯ ಕರೆಗಂಟೆ ಹೊರಗಿನ ಗುಂಡಿ ಒತ್ತಿದರೆ ಒಳಗೆ ಬಾರಿಸುತ್ತದಲ್ಲ, ಹಾಗೆ. ಒಳಗಿನ ಗಂಟೆಗೆ ಎಷ್ಟು ಎಣ್ಣೆ ಹಚ್ಚಿದರೂ ಹೊರಗೆ ಗುಂಡಿ ಒತ್ತಿದ ಬೆರಳು ಸರಿಯದೆ ಸದ್ದು ನಿಲ್ಲುವುದಿಲ್ಲ.

ಕೂತು ಮಾಡುವ ಕೆಲಸಕ್ಕೆ ಎಂಥಾ ನೋವು?

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ ನಾಡಿಗೆಲ್ಲ ಗೊತ್ತು. ಅವುಗಳನ್ನು ನೇಯುವವರ ಸೊಂಟದ ಬಗ್ಗೆ ಗೊತ್ತಿರುವುದು ಕಡಿಮೆ. ಈಗ ಇಳಕಲ್ಲಿನ ಓಣಿಗಳಲ್ಲಿ ವಿದ್ಯುತ್ ಮಗ್ಗಗಳ ಸದ್ದು ಹೆಚ್ಚಾಗಿದ್ದು, ಕೈಮಗ್ಗಗಳು ಕಡಿಮೆಯಾಗಿವೆ. ಆದರೂ ಕುಣಿಮಗ್ಗದಲ್ಲಿ ಕುಳಿತು ನೇಯುವವರು ಇದ್ದಾರೆ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಅಂಚಿನ ಮೇಲೆ ಕುಳಿತು, ಪಾದದಿಂದ ಹಲಗೆಗಳನ್ನು ಒಂದಾದ ಮೇಲೊಂದು ತುಳಿಯಬೇಕು. ಒಂದು ಕೈ ಹಗ್ಗ ಎಳೆದು ಲಾಳಿಯನ್ನು ಓಡಿಸಬೇಕು. ಇನ್ನೊಂದು ಕೈ ಹಣಿಗೆಯನ್ನು ಬಡಿಯಬೇಕು. ಕಣ್ಣು ಎಳೆಯ ಮೇಲೆ, ಬೆನ್ನು ಮುಂದಕ್ಕೆ. ಇಳಕಲ್ ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ‘ಟೋಪಿ ತೆನಿ’ ಎಂಬ ವಿಧಾನದಲ್ಲಿ ಕುಣಿಕೆ ಹಾಕಿ ಜೋಡಿಸುತ್ತಾರೆ. ಒಂದೊಂದೇ ಎಳೆಯನ್ನು ಹಿಡಿದು ಮಾಡುವ ಈ ಕೆಲಸದಲ್ಲಿ ಕುತ್ತಿಗೆ ಮೇಲೇಳುವುದೇ ಇಲ್ಲ.

ಇಂಥವರು ಸಂಜೆ ಸೊಂಟ ಹಿಡಿದುಕೊಂಡು ಎದ್ದಾಗ, ದಿನವಿಡೀ ಬಿಸಿಲಲ್ಲಿ ಮೂಟೆ ಹೊತ್ತವರು ಹೇಳುವ ಮಾತೊಂದಿದೆ: “ನೆಳ್ಳಾಗ ಕುಂತು ಮಾಡೋ ಕೆಲಸಕ್ಕ ಎಂಥಾ ನೋವು?” ಮೇಲ್ನೋಟಕ್ಕೆ ಈ ಪ್ರಶ್ನೆ ನ್ಯಾಯವಾಗಿಯೇ ಕಾಣುತ್ತದೆ. ಒಂಬತ್ತನೆಯ ತರಗತಿಯ ಭೌತಶಾಸ್ತ್ರವೂ ಇದಕ್ಕೆ ಸಾಕ್ಷಿ ಹೇಳಿದಂತಿದೆ. ಬಲ ಹಾಕಿದರೂ ವಸ್ತು ಸರಿಯದಿದ್ದರೆ ಮಾಡಿದ ಕೆಲಸ ಸೊನ್ನೆ ಎಂದು ಪುಸ್ತಕ ಹೇಳುತ್ತದೆ.

ವಿದ್ಯಾರ್ಥಿಗಳು ಒಂದು ಸಣ್ಣ ಪ್ರಯೋಗ ಮಾಡಿ ನೋಡಬಹುದು. ಒಂದು ದಪ್ಪ ಪುಸ್ತಕವನ್ನು ಹಿಡಿದು ತೋಳನ್ನು ಭುಜದ ಮಟ್ಟಕ್ಕೆ ನೇರವಾಗಿ ಚಾಚಿ ನಿಲ್ಲಬೇಕು. ಪುಸ್ತಕ ಅಲುಗಾಡಬಾರದು. ಸ್ವಲ್ಪ ಹೊತ್ತಿನಲ್ಲೇ ಭುಜ ಉರಿಯಲು ತೊಡಗುತ್ತದೆ, ಕೈ ನಡುಗುತ್ತದೆ. ಪುಸ್ತಕದ ಮೇಲೆ ಆದ ಕೆಲಸ ಸೊನ್ನೆ. ಸ್ನಾಯು ಮಾತ್ರ ಪ್ರತಿ ಕ್ಷಣ ಶಕ್ತಿ ಖರ್ಚು ಮಾಡುತ್ತಲೇ ಇರುತ್ತದೆ. ಬಿಗಿಹಿಡಿದ ಸ್ನಾಯು ತನ್ನೊಳಗಿನ ಸಣ್ಣ ರಕ್ತನಾಳಗಳನ್ನು ತಾನೇ ಅಮುಕುತ್ತದೆ. ಆಮ್ಲಜನಕ ಬರುವುದು ಕಡಿಮೆ, ತ್ಯಾಜ್ಯ ಹೊರಹೋಗುವುದು ನಿಧಾನ. ನಡೆಯುವವನ ಕಾಲಿನ ಸ್ನಾಯು ಬಿಗಿದು ಸಡಿಲಿ, ಬಿಗಿದು ಸಡಿಲಿ ರಕ್ತವನ್ನು ತಳ್ಳುತ್ತಿರುತ್ತದೆ. ಬಾಗಿ ಕುಳಿತವನ ಬೆನ್ನಿನ ಸ್ನಾಯುವಿಗೆ ಸಡಿಲುವ ಬಿಡುವೇ ಇರುವುದಿಲ್ಲ. ನೆರಳಿನಲ್ಲಿ ಕುಳಿತವರು ದಿನವಿಡೀ ಹೊರುತ್ತಿರುವುದು ತಮ್ಮದೇ ತಲೆಯನ್ನು, ತಮ್ಮದೇ ಬೆನ್ನನ್ನು.

ಬೆನ್ನಿನ ಒಳಗೆ ಇನ್ನೊಂದು ಸಂಗತಿ ನಡೆಯುತ್ತದೆ. ಬೆನ್ನೆಲುಬಿನ ಮಣಿಗಳ ನಡುವೆ ‘ಡಿಸ್ಕ್’ ಎಂಬ ಮೆತ್ತೆಗಳಿವೆ. ಅವುಗಳ ಸುತ್ತ ಗಟ್ಟಿಯಾದ ಎಳೆಗಳ ಬಳೆ, ಒಳಗೆ ನೀರು ತುಂಬಿದ ತಿರುಳು. ವಯಸ್ಕರ ಡಿಸ್ಕಿನ ಒಳಭಾಗಕ್ಕೆ ರಕ್ತನಾಳಗಳಿಲ್ಲ. ಒತ್ತಡ ಬಿದ್ದಾಗ ನೀರು ಹೊರಗೆ, ಒತ್ತಡ ತಗ್ಗಿದಾಗ ನೀರು ಒಳಗೆ. ಸ್ಪಂಜಿನ ಹಾಗೆ ಹೀಗೆ ಹಿಂಡಿ ಬಿಡುವುದು ಅದರ ಪೋಷಣೆಗೆ ನೆರವಾಗುತ್ತದೆ. ಇದನ್ನೂ ಮನೆಯಲ್ಲೇ ಪರೀಕ್ಷಿಸಬಹುದು. ಬೆಳಿಗ್ಗೆ ಎದ್ದ ಕೂಡಲೇ ಗೋಡೆಗೆ ನಿಂತು ಎತ್ತರ ಅಳೆದು ಗುರುತು ಮಾಡಿ, ರಾತ್ರಿ ಮಲಗುವ ಮೊದಲು ಮತ್ತೆ ಅಳೆಯಿರಿ. ಸುಮಾರು ಒಂದು ಸೆಂಟಿಮೀಟರಿನಷ್ಟು ಕಡಿಮೆ ಬರುತ್ತದೆ. ದಿನವಿಡೀ ಹಿಂಡಿಸಿಕೊಂಡ ಡಿಸ್ಕುಗಳ ಲೆಕ್ಕ ಅದು. ಸ್ವೀಡನ್ನಿನ ಮೂಳೆ ವೈದ್ಯ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಜೀವಂತ ಮನುಷ್ಯರ ಸೊಂಟದ ಡಿಸ್ಕಿನೊಳಗೆ ಸೂಜಿ ಇಳಿಸಿ ಒತ್ತಡ ಅಳೆದರು. ನೆಟ್ಟಗೆ ನಿಂತವರಿಗಿಂತ ಮುಂದಕ್ಕೆ ಬಾಗಿ ಕುಳಿತವರಲ್ಲಿ ಒತ್ತಡ ಬಹಳ ಹೆಚ್ಚು ಕಂಡಿತು. ವರ್ಷಗಟ್ಟಲೆ ಹೀಗೆ ಒತ್ತಡ ಬಿದ್ದರೆ ಹೊರಬಳೆ ಬಿರುಕು ಬಿಟ್ಟು ತಿರುಳು ಹಿಂದಕ್ಕೆ ಉಬ್ಬಬಹುದು. ಅಲ್ಲೇ ಹಾದುಹೋಗುವ ನರದ ಬೇರಿಗೆ ಅದು ತಾಗಿದರೆ ಹಿಮ್ಮಡದವರೆಗೆ ಚಳಕು. ಇದೇ ಸಯಾಟಿಕಾ. ಕೆಮ್ಮಿದಾಗ, ಸೀನಿದಾಗ ಕಾಲಿಗೆ ನೋವು ಹರಿಯುವುದು ಅದರ ಸಾಮಾನ್ಯ ಗುರುತು.

ನೇಕಾರರ ನೋವು ಹೊಸತೂ ಅಲ್ಲ, ನಮ್ಮಲ್ಲಿ ಮಾತ್ರ ಇರುವುದೂ ಅಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಜಿನಿ 1700ರಲ್ಲಿ ಕಸುಬುದಾರರ ಕಾಯಿಲೆಗಳ ಬಗ್ಗೆಯೇ ಒಂದು ಗ್ರಂಥ ಪ್ರಕಟಿಸಿದರು. ಕುಳಿತು ಕೆಲಸ ಮಾಡುವವರ ಬಗ್ಗೆ ಅದರಲ್ಲಿ ಪ್ರತ್ಯೇಕ ಅಧ್ಯಾಯವಿದೆ. ರೋಗಿಯನ್ನು ಕೇಳುವ ಪ್ರಶ್ನೆಗಳ ಜೊತೆಗೆ ‘ನಿನ್ನ ಕಸುಬು ಯಾವುದು?’ ಎಂಬುದನ್ನೂ ಸೇರಿಸಿಕೊಳ್ಳಬೇಕೆಂದು ವೈದ್ಯರಿಗೆ ಹೇಳಿದವರು ಅವರೇ. ಇಂದಿಗೂ ವೈದ್ಯಕೀಯ ಪುಸ್ತಕಗಳಲ್ಲಿ ‘ವೀವರ್ಸ್ ಬಾಟಮ್’ ಎಂಬ ಹೆಸರಿದೆ. ಗಟ್ಟಿ ಹಲಗೆಯ ಮೇಲೆ ಬಹಳ ಹೊತ್ತು ಕುಳಿತವರಿಗೆ ಪೃಷ್ಠದ ಎಲುಬಿನ ಮೇಲಿರುವ ದ್ರವದ ಚೀಲ ಊದಿಕೊಂಡು ನೋಯುವುದಕ್ಕೆ ನೇಕಾರರ ಹೆಸರನ್ನೇ ಇಟ್ಟಿದ್ದಾರೆ. ನೆಲ ಒರೆಸುವವರ ಮೊಣಕಾಲಿನ ಊತಕ್ಕೆ ‘ಹೌಸ್‌ಮೇಡ್ಸ್ ನೀ’ ಎಂಬ ಹೆಸರಿದೆ. ಕಸುಬಿನ ಗುರುತು ಕಾಯಿಲೆಯ ಹೆಸರಿನಲ್ಲೇ ಉಳಿದುಬಿಟ್ಟಿದೆ.

ಬೆರಳು ಹೇಳುವ ಸುದ್ದಿ

ಮಗ್ಗದ ಮನೆಯಲ್ಲಿ ಹೆಣ್ಣುಮಕ್ಕಳು ಕಂಡಿಕೆ ಸುತ್ತುತ್ತಾರೆ. ಒಂದು ಕೈ ಚಕ್ರ ತಿರುಗಿಸುತ್ತಿದ್ದರೆ ಇನ್ನೊಂದು ಕೈಯ ಬೆರಳುಗಳು ಎಳೆ ಹಿಡಿದಿರುತ್ತವೆ. ಮಣಿಕಟ್ಟು ಗಂಟೆಗಟ್ಟಲೆ ಒಂದೇ ರೀತಿ ಆಡುತ್ತದೆ. ಮಣಿಕಟ್ಟಿನ ಒಳಗೆ ಎಲುಬು ಮತ್ತು ಗಟ್ಟಿ ಪಟ್ಟಿಯ ನಡುವೆ ಒಂದು ಇಕ್ಕಟ್ಟಾದ ದಾರಿಯಿದೆ. ಅದರಲ್ಲಿ ಬೆರಳು ಮಡಚುವ ಸ್ನಾಯುರಜ್ಜುಗಳ ಜೊತೆಗೆ ಒಂದು ನರವೂ ಹಾದುಹೋಗುತ್ತದೆ. ರಜ್ಜುಗಳ ಹೊದಿಕೆ ಊದಿದರೆ ನರಕ್ಕೆ ಜಾಗ ಸಾಲದು. ಆಗ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತವೆ. ರಾತ್ರಿ ಎಚ್ಚರವಾಗಿ ಕೈ ಝಾಡಿಸುವಂತಾಗುತ್ತದೆ. ಕಿರುಬೆರಳು ಜೋಮು ಹಿಡಿದರೆ ಅದು ಬೇರೆ ನರ. ತೊಂದರೆ ಹೆಚ್ಚಾಗಿ ಮೊಣಕೈ ಹತ್ತಿರ ಇರುತ್ತದೆ. ಯಾವ ಬೆರಳು ಎಂದು ಸರಿಯಾಗಿ ಹೇಳಬಲ್ಲ ರೋಗಿ ವೈದ್ಯರ ಅರ್ಧ ಕೆಲಸ ಮುಗಿಸಿದಂತೆ.

ಇಳಕಲ್ಲಿನ ಹೆಸರನ್ನು ಹೊರದೇಶಕ್ಕೆ ಒಯ್ದ ಇನ್ನೊಂದು ವಸ್ತು ಅಲ್ಲಿನ ಕೆಂಪು ಗ್ರಾನೈಟ್. ಕಲ್ಲಿಗೆ ರಂಧ್ರ ಕೊರೆಯುವ ಯಂತ್ರವನ್ನು ಹಿಡಿದವರ ಅಂಗೈಗೆ ನಿಮಿಷಕ್ಕೆ ನೂರಾರು ಪೆಟ್ಟು ಬೀಳುತ್ತವೆ. 1918ರಲ್ಲಿ ಅಮೆರಿಕದ ಆಲಿಸ್ ಹ್ಯಾಮಿಲ್ಟನ್ ಎಂಬ ವೈದ್ಯೆ ಇಂಡಿಯಾನಾ ರಾಜ್ಯದ ಬೆಡ್‌ಫರ್ಡ್ ಎಂಬಲ್ಲಿ ಗಾಳಿಯಂತ್ರದ ಸುತ್ತಿಗೆ ಬಳಸುವ ಕಲ್ಲುಕುಟಿಗರನ್ನು ಪರೀಕ್ಷಿಸಿದರು. ಚಳಿಯ ಮುಂಜಾವಿನಲ್ಲಿ ಅವರ ಬೆರಳುಗಳು ಬೆಳ್ಳಗೆ ಬಿಳುಚಿ ಸ್ಪರ್ಶ ಕಳೆದುಕೊಳ್ಳುತ್ತಿದ್ದವು. ಕಂಪನದಿಂದ ಬೆರಳಿನ ರಕ್ತನಾಳವೂ ನರವೂ ಕೆಡುತ್ತವೆ. ಬಿಸಿಲುನಾಡಿನಲ್ಲಿ ಬೆರಳು ಬಿಳುಚುವುದು ಅಷ್ಟಾಗಿ ಕಾಣದಿರಬಹುದು. ಆದರೆ ಅಂಗಿಯ ಗುಂಡಿ ಹಾಕಲು ತಡಕಾಡುವುದು, ನಾಣ್ಯವನ್ನು ಬೆರಳಲ್ಲೇ ಗುರುತಿಸಲಾಗದಿರುವುದು ಶುರುವಾದರೆ ಅದನ್ನು ಸುಸ್ತು ಎಂದು ತಳ್ಳಿಹಾಕಬಾರದು.

ಹೊಲದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ದಿನವಿಡೀ ಕಸ ತೆಗೆಯುವ, ಉಳ್ಳಾಗಡ್ಡಿ ಕೀಳುವ ಹೆಣ್ಣುಮಕ್ಕಳಿಗೂ ನರದ ಒಂದು ಅಪಾಯವಿದೆ. ಮೊಣಕಾಲಿನ ಹೊರಬದಿಯಲ್ಲಿ ಚರ್ಮದ ಕೆಳಗೇ ಒಂದು ನರ ಎಲುಬನ್ನು ಸುತ್ತಿ ಹೋಗುತ್ತದೆ. ಬಹಳ ಹೊತ್ತು ಕುಕ್ಕರಗಾಲಿನಲ್ಲಿ ಕುಳಿತರೆ ಅದು ಅಮುಕಿ, ಎದ್ದಾಗ ಪಾದ ಮೇಲೆತ್ತಲು ಬಾರದೆ ಚಪ್ಪಲಿ ಜಾರುತ್ತದೆ. ಪರದೇಶದಲ್ಲಿ ಸ್ಟ್ರಾಬೆರಿ ಹಣ್ಣು ಕೀಳುವವರಲ್ಲಿ ಇದನ್ನು ಕಂಡು ಅವರ ಹೆಸರನ್ನೇ ಈ ತೊಂದರೆಗೆ ಇಟ್ಟರು. ಬೇಗ ಗುರುತಿಸಿ ಕುಳಿತುಕೊಳ್ಳುವ ರೀತಿ ಬದಲಿಸಿದರೆ ಬಹಳಷ್ಟು ಮಂದಿಗೆ ಇದು ಗುಣವಾಗುತ್ತದೆ.

ನೀರಿನಿಂದ ಬರುವ ಬಿಗಿತ

ಎಲ್ಲ ನೋವಿಗೂ ಕೆಲಸವೇ ಕಾರಣವಲ್ಲ. ಬಾಗಲಕೋಟೆ ಜಿಲ್ಲೆಯೂ ಸೇರಿದಂತೆ ಉತ್ತರ ಕರ್ನಾಟಕದ ಹಲವು ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿದೆ. ಗ್ರಾನೈಟಿನಂಥ ಶಿಲೆಯಲ್ಲಿರುವ ಖನಿಜದಿಂದ ಅದು ನಿಧಾನವಾಗಿ ನೀರಿಗೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಎಂಬುದು ಭಾರತೀಯ ಮಾನಕ. ಅದನ್ನು ಮೀರಿದ ನೀರನ್ನು ಮಕ್ಕಳು ಕುಡಿದರೆ, ಒಳಗೆ ರೂಪುಗೊಳ್ಳುತ್ತಿರುವ ಹಲ್ಲಿನ ಮೇಲೆ ಸುಣ್ಣದಂಥ ಇಲ್ಲವೆ ಕಂದು ಗೆರೆಗಳು ಮೂಡುತ್ತವೆ. ಇನ್ನೂ ಹೆಚ್ಚಿನ ಪ್ರಮಾಣದಲ್ಲಿ ವರ್ಷಗಟ್ಟಲೆ ಕುಡಿದರೆ ಎಲುಬಿನ ರಚನೆಯೇ ಬದಲಾಗುತ್ತದೆ. ಎಕ್ಸ್-ರೇಯಲ್ಲಿ ದಟ್ಟವಾಗಿ ಕಾಣುವ ಎಲುಬು ಒಳಗೆ ಪೆಡಸಾಗಿರುತ್ತದೆ. ಮಣಿಗಳನ್ನು ಕಟ್ಟುವ ರಜ್ಜುಗಳು ಸುಣ್ಣಗಟ್ಟಿ ಬೆನ್ನು ಹಲಗೆಯಂತಾಗುತ್ತದೆ. ಕೆಲವರಲ್ಲಿ ಬೆನ್ನುಹುರಿಯೇ ಅಮುಕಿ ಕಾಲಿನ ಶಕ್ತಿ ಕುಂದುತ್ತದೆ. ಭಾರತದಲ್ಲಿ ಇದನ್ನು ಮೊದಲು ವಿವರವಾಗಿ ದಾಖಲಿಸಿದ್ದು 1937ರಲ್ಲಿ, ಆಗ ಮದರಾಸು ಪ್ರಾಂತ್ಯದಲ್ಲಿದ್ದ ನೆಲ್ಲೂರು ಜಿಲ್ಲೆಯಲ್ಲಿ.

ಇದನ್ನು ಶಂಕಿಸಲು ಮೂರು ಸರಳ ಪರೀಕ್ಷೆಗಳಿವೆ. ಮೊಣಕಾಲು ಮಡಚದೆ ಬಾಗಿ ಕಾಲ್ಬೆರಳು ಮುಟ್ಟುವುದು, ಗದ್ದವನ್ನು ಎದೆಗೆ ತಾಗಿಸುವುದು, ಎರಡೂ ಕೈಗಳನ್ನು ತಲೆಯ ಹಿಂದೆ ಒಯ್ಯುವುದು. ಇವು ಆಗದಿದ್ದ ಮಾತ್ರಕ್ಕೆ ಫ್ಲೋರೋಸಿಸ್ ಎಂದು ತೀರ್ಮಾನಿಸಬಾರದು. ಆದರೆ ಒಂದೇ ಕೊಳವೆಬಾವಿಯ ನೀರು ಕುಡಿಯುವ ಹಲವರಿಗೆ ಆಗದಿದ್ದರೆ, ಮಕ್ಕಳ ಹಲ್ಲಿನಲ್ಲೂ ಗುರುತುಗಳಿದ್ದರೆ, ನೀರನ್ನು ಪರೀಕ್ಷೆಗೆ ಕಳಿಸಲೇಬೇಕು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಮಳೆನೀರಿನ ಸಂಗ್ರಹ, ನದಿಮೂಲದ ನೀರು, ಸರಿಯಾಗಿ ನಿರ್ವಹಿಸಿದ ಶುದ್ಧೀಕರಣ ಘಟಕ ಇವೇ ದಾರಿ. ಒಮ್ಮೆ ಗಟ್ಟಿಯಾದ ಬೆನ್ನನ್ನು ಸಡಿಲಿಸುವ ಔಷಧ ಇಲ್ಲ. ಆದ್ದರಿಂದ ನೀರಿನ ಎಚ್ಚರ ಮಕ್ಕಳ ಕಾಲದಲ್ಲೇ ಆಗಬೇಕು.

ಮಕ್ಕಳ ಬೆನ್ನು

ಶಾಲೆಗೆ ಹೋಗುವ ಮಕ್ಕಳ ಎಲುಬುಗಳ ತುದಿಯಲ್ಲಿ ಬೆಳವಣಿಗೆಯ ಮೆದುಪಟ್ಟಿಗಳಿರುತ್ತವೆ. ಪ್ರೌಢಾವಸ್ಥೆ ಮುಗಿಯುವ ಹೊತ್ತಿಗೆ ಅವು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತವೆ. ಅಲ್ಲಿಯವರೆಗೆ ಮಕ್ಕಳ ಬೆನ್ನು ದೊಡ್ಡವರ ಬೆನ್ನಿನ ಚಿಕ್ಕ ನಕಲು ಅಲ್ಲ. ಕರ್ನಾಟಕ ಸರ್ಕಾರ 2019ರಲ್ಲಿ ಶಾಲಾಚೀಲದ ತೂಕಕ್ಕೆ ಮಿತಿ ಹಾಕಿತು. ಒಂದು-ಎರಡನೆಯ ತರಗತಿಗೆ 2 ಕಿಲೋ ದಾಟಬಾರದು, ಒಂಬತ್ತು-ಹತ್ತನೆಯ ತರಗತಿಗೂ 5 ಕಿಲೋ ದಾಟಬಾರದು. 2020ರ ರಾಷ್ಟ್ರೀಯ ಶಾಲಾಚೀಲ ನೀತಿ ಹೇಳುವುದೂ ಮಗುವಿನ ತೂಕದ ಹತ್ತನೆಯ ಒಂದು ಭಾಗದ ಮಿತಿಯನ್ನೇ. ಮನೆಯ ತಕ್ಕಡಿಯಲ್ಲಿ ಒಮ್ಮೆ ಚೀಲ ತೂಗಿ ನೋಡಿದರೆ ಸಾಕು, ಆದೇಶ ಕಾಗದದಲ್ಲಿದೆಯೋ ಬೆನ್ನಿನ ಮೇಲಿದೆಯೋ ತಿಳಿಯುತ್ತದೆ. ಚೀಲವನ್ನು ಒಂದೇ ಭುಜಕ್ಕೆ ನೇತುಹಾಕದೆ ಎರಡೂ ಪಟ್ಟಿ ಹಾಕಿಕೊಂಡು, ಭಾರದ ಪುಸ್ತಕ ಬೆನ್ನಿಗೆ ಹತ್ತಿರ ಬರುವಂತೆ ಇಡಬೇಕು.

ಚೀಲಕ್ಕಿಂತ ಹೆಚ್ಚು ಹೊತ್ತು ಕುತ್ತಿಗೆಯ ಮೇಲೆ ಕೂರುವ ಭಾರ ಈಗ ಮೊಬೈಲಿನದು. ದೊಡ್ಡವರ ತಲೆಯ ತೂಕ ಸುಮಾರು 5 ಕಿಲೋ. ನೆಟ್ಟಗಿದ್ದಾಗ ಅದನ್ನು ಎಲುಬು ಹೊರುತ್ತದೆ. ಮುಂದಕ್ಕೆ ಬಾಗಿದಾಗ ಸನ್ನೆಕೋಲಿನ ನಿಯಮದಂತೆ ಹಿಂದಿನ ಸ್ನಾಯುಗಳು ಎಳೆದು ಹಿಡಿಯಬೇಕಾಗುತ್ತದೆ. ತಲೆ 60 ಡಿಗ್ರಿ ಬಾಗಿದಾಗ ಕುತ್ತಿಗೆಯ ಮೇಲೆ ಬೀಳುವ ಬಲ ಸುಮಾರು 27 ಕಿಲೋ ತೂಕಕ್ಕೆ ಸಮ ಎಂದು ನ್ಯೂಯಾರ್ಕಿನ ವೈದ್ಯ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಲೆಕ್ಕ ಹಾಕಿದರು. ಟೋಪಿ ತೆನಿ ಜೋಡಿಸುವ ತಂದೆಯ ಕುತ್ತಿಗೆಯೂ, ಪಕ್ಕದಲ್ಲಿ ಮೊಬೈಲು ನೋಡುವ ಮಗನ ಕುತ್ತಿಗೆಯೂ ಒಂದೇ ಕೋನದಲ್ಲಿ ಬಾಗಿರುತ್ತವೆ. ತಂದೆಗೆ ಅದರಿಂದ ಕೂಲಿಯಾದರೂ ಸಿಗುತ್ತದೆ.

ಸಂಜೆ ಅಥವಾ ರಾತ್ರಿ ಎರಡೂ ಕಾಲು ನೋಯುತ್ತವೆ ಎಂದು ಅಳುವ ಚಿಕ್ಕ ಮಕ್ಕಳು ಬೆಳಿಗ್ಗೆ ಓಡಾಡಿಕೊಂಡಿದ್ದರೆ ಸಾಮಾನ್ಯವಾಗಿ ಹೆದರಬೇಕಿಲ್ಲ. ಒಂದೇ ಕಾಲು, ಒಂದೇ ಜಾಗ ದಿನವೂ ನೋಯುತ್ತಿದ್ದರೆ, ಕುಂಟುತ್ತಿದ್ದರೆ, ಜ್ವರವಿದ್ದರೆ ತೋರಿಸಲೇಬೇಕು.

ಬೇಗ ಗುಣವಾಗುವ ಆಸೆ

ನೇಯ್ಗೆಯ ಕೂಲಿ ಸಾಮಾನ್ಯವಾಗಿ ನೇಯ್ದ ಸೀರೆಯ ಲೆಕ್ಕದಲ್ಲಿ. ಹೊಲದ ಕೂಲಿ ದಿನದ ಲೆಕ್ಕದಲ್ಲಿ. ‘ವಿಶ್ರಾಂತಿ ತಗೊಳ್ಳಿ’ ಎಂದು ಚೀಟಿಯಲ್ಲಿ ಬರೆಯುವುದು ಸುಲಭ. ಅದನ್ನು ಪಾಲಿಸಿದರೆ ಆ ವಾರದ ಸಂತೆ ನಿಲ್ಲುತ್ತದೆ. ಆದ್ದರಿಂದಲೇ “ಒಂದು ಸೂಜಿ ಹಾಕಿಬಿಡ್ರಿ, ನಾಳೆ ಮಗ್ಗಕ್ಕ ಕೂಡಬೇಕು” ಎಂಬ ಬೇಡಿಕೆ ಹುಟ್ಟುತ್ತದೆ. ಈ ಅವಸರವನ್ನು ಬೈದು ಪ್ರಯೋಜನವಿಲ್ಲ, ಅದರ ಬೆಲೆಯನ್ನು ತಿಳಿಸಬೇಕು. ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ನುಂಗುವ ನೋವಿನ ಗುಳಿಗೆ ಹೊಟ್ಟೆಯಲ್ಲಿ ಹುಣ್ಣು ಮಾಡಬಲ್ಲದು, ಮೂತ್ರಪಿಂಡ ಕೆಡಿಸಬಲ್ಲದು. ಹೆಸರು ಬರೆಯದ ಪುಡಿ, ಗುಳಿಗೆಗಳಲ್ಲಿ ಸ್ಟಿರಾಯ್ಡ್ ಬೆರೆತಿದ್ದರೆ ಮೊದಲ ದಿನ ಪವಾಡದಂತೆ ನೋವು ಮಾಯ. ಹೀಗೆ ಬಹಳ ಕಾಲ ನಡೆದರೆ ಎಲುಬು ಟೊಳ್ಳಾಗುತ್ತದೆ, ಕೆಲವರಲ್ಲಿ ತೊಡೆಯೆಲುಬಿನ ತಲೆಗೆ ರಕ್ತ ನಿಂತು ಅದು ಕುಸಿಯುತ್ತದೆ.

ಎಲುಬು ಮುರಿದಾಗ ಬಿದಿರುಪಟ್ಟಿ ಕಟ್ಟಿ ಬಿಗಿಯುವ ಪದ್ಧತಿಯಲ್ಲೂ ಒಂದು ಅಪಾಯವಿದೆ. ಮುರಿದ ಕೈ ಊದುತ್ತದೆ, ಪಟ್ಟಿ ಅಗಲವಾಗುವುದಿಲ್ಲ. ಒಳಗೆ ರಕ್ತ ಓಡುವುದು ನಿಂತು ಸ್ನಾಯು ಸತ್ತುಹೋಗುತ್ತದೆ, ಬೆರಳುಗಳು ಹಕ್ಕಿಯ ಉಗುರಿನಂತೆ ಮಡಚಿಕೊಂಡು ಉಳಿಯುತ್ತವೆ. ಜರ್ಮನಿಯ ವೋಲ್ಕ್‌ಮನ್ 1881ರಲ್ಲಿ ವಿವರಿಸಿದ ಈ ಊನಕ್ಕೆ ಇಂದಿಗೂ ಅವರ ಹೆಸರೇ ಇದೆ. ಯಾರೇ ಕಟ್ಟಿರಲಿ, ಆಸ್ಪತ್ರೆಯ ಪ್ಲಾಸ್ಟರೇ ಆಗಿರಲಿ, ಬೆರಳು ತಣ್ಣಗಾದರೆ, ನೀಲಿಯಾದರೆ, ಜೋಮು ಹಿಡಿದರೆ, ಬೆರಳನ್ನು ಬಿಡಿಸಿದಾಗ ಮಗು ಚೀರಿದರೆ ಬೆಳಗಾಗುವವರೆಗೆ ಕಾಯಬಾರದು. ಅಲ್ಲಿ ಗಂಟೆಗಳ ಲೆಕ್ಕ.

ಏನು ಮಾಡಬಹುದು?

ಸಾಮಾನ್ಯ ಸೊಂಟನೋವಿಗೆ ದಿನಗಟ್ಟಲೆ ಹಾಸಿಗೆ ಹಿಡಿಯಬೇಕಿಲ್ಲ. ಆಗುವಷ್ಟು ಅಡ್ಡಾಡುತ್ತಿದ್ದರೆ ಬಹುತೇಕ ನೋವುಗಳು ಕೆಲವು ವಾರಗಳಲ್ಲಿ ತಗ್ಗುತ್ತವೆ. ಮಗ್ಗದಲ್ಲಿ ಕುಳಿತುಕೊಳ್ಳುವ ಜಾಗಕ್ಕೆ ದಪ್ಪ ಮೆತ್ತೆ, ತುಳಿಯುವ ಹಲಗೆಗೆ ಮೊಣಕಾಲು ಎಳೆಯದಷ್ಟು ಎತ್ತರ, ಎಳೆಯ ಮೇಲೆ ನೇರವಾಗಿ ಬೀಳುವ ಬೆಳಕು. ಇವಕ್ಕೆ ದೊಡ್ಡ ಖರ್ಚಿಲ್ಲ. ಬೆಳಕು ಕಡಿಮೆಯಾದಷ್ಟೂ ಕುತ್ತಿಗೆ ಬಾಗುತ್ತದೆ, ದೀಪ ಬದಲಿಸಿದರೆ ಕುತ್ತಿಗೆ ತಾನಾಗಿ ಏಳುತ್ತದೆ. ಅರ್ಧ ಗಂಟೆಗೊಮ್ಮೆ ಎದ್ದು ಒಂದು ನಿಮಿಷ ಹಿಂದಕ್ಕೆ ಬಾಗುವುದರಿಂದ ಸೀರೆ ತಡವಾಗುವುದಿಲ್ಲ. ಹೊಲದಲ್ಲಿ ಚಿಕ್ಕ ಮಣೆ, ಓದುವ ಮಕ್ಕಳಿಗೆ ನೆಲದ ಮೇಲೆ ಬಾಗದಂತೆ ಒಂದು ಇಳಿಜಾರು ಡೆಸ್ಕು ಸಾಕು. ಭಾರ ಎತ್ತುವಾಗ ಮೊಣಕಾಲು ಮಡಚಿ, ಭಾರವನ್ನು ಮೈಗೆ ಹತ್ತಿರ ಹಿಡಿಯಬೇಕು.

ಕೆಲವು ಗುರುತುಗಳು ಕಂಡರೆ ಮನೆಮದ್ದು ಬಿಟ್ಟು ಆಸ್ಪತ್ರೆಗೆ ಹೋಗಬೇಕು. ಬೆನ್ನುನೋವಿನ ಜೊತೆ ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ತೊಡೆಸಂದಿಯಲ್ಲಿ ಸ್ಪರ್ಶ ಹೋದರೆ, ಕಾಲಿನ ಬಲ ಕುಂದಿದರೆ ಅದೇ ದಿನ ಹೋಗಬೇಕು. ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿಯೂ ಬಿಡದ ಬೆನ್ನುನೋವು ಇದ್ದರೆ ಬೆನ್ನೆಲುಬಿನ ಕ್ಷಯವನ್ನು ನೆನೆಯಬೇಕು. ಅದಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಔಷಧವಿದೆ. ಎರಡೂ ಪಾದಗಳು ಉರಿಯುತ್ತಿದ್ದರೆ, ಜೋಮು ಹಿಡಿಯುತ್ತಿದ್ದರೆ ರಕ್ತದಲ್ಲಿ ಸಕ್ಕರೆಯನ್ನೂ ಬಿ12 ಜೀವಸತ್ವವನ್ನೂ ನೋಡಿಸಬೇಕು. ಹಾಲು-ಮೊಸರು ಕಡಿಮೆ ಬಳಸುವ ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ. ಚರ್ಮದ ಮೇಲೆ ಸ್ಪರ್ಶವಿಲ್ಲದ ಮಾಸಲು ಮಚ್ಚೆ ಕಂಡರೆ ಅದು ಕುಷ್ಠದ ಗುರುತಾಗಿರಬಹುದು. ಅದಕ್ಕೂ ಉಚಿತ ಚಿಕಿತ್ಸೆಯಿದೆ, ಬೇಗ ಶುರುವಾದರೆ ಊನ ತಪ್ಪುತ್ತದೆ.

ಇಷ್ಟೆಲ್ಲ ಓದಿದ ವಿದ್ಯಾರ್ಥಿ ಮನೆಯಲ್ಲಿ ಮಾಡಬಹುದಾದ ಒಂದು ಕೆಲಸವಿದೆ. ಒಂದು ಹಳೆಯ ನೋಟುಬುಕ್ಕಿನಲ್ಲಿ ಹದಿನೈದು ದಿನ ತಂದೆಯ ಅಥವಾ ತಾಯಿಯ ನೋವಿನ ಲೆಕ್ಕ ಬರೆಯಬೇಕು. ನೋವು ಎಲ್ಲಿ, ಯಾವ ಬಗೆಯದು, ಎಷ್ಟು ಹೊತ್ತಿಗೆ ಬಂತು, ಆಗ ಯಾವ ಕೆಲಸ ನಡೆದಿತ್ತು, ಏನು ಮಾಡಿದಾಗ ಹಗುರಾಯಿತು. ಇಷ್ಟೇ ಐದು ಸಾಲು. ವೈದ್ಯರ ಮುಂದೆ ಕುಳಿತಾಗ “ಎಲ್ಲಾ ಕಡೆ ನೋಯ್ತೈತ್ರಿ” ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವ ಹಿರಿಯರ ಪರವಾಗಿ ಆ ನೋಟುಬುಕ್ಕು ಮಾತನಾಡುತ್ತದೆ. ಪರೀಕ್ಷೆಯಲ್ಲಿ ಇದಕ್ಕೆ ಅಂಕವಿಲ್ಲ. ಆದರೆ ಇಪ್ಪತ್ತು ವರ್ಷ ದುಡಿದ ಬೆನ್ನಿನ ಬಗ್ಗೆ ಮನೆಯಲ್ಲಿ ಯಾರೋ ಒಬ್ಬರು ಮೊದಲ ಸಲ ಕೂತು ಕೇಳಿದಂತಾಗುತ್ತದೆ.